ಆ್ಯಪ್ ಖಾತೆಗೆ ತಾತ್ಕಾಲಿಕ ಮೊಬೈಲ್ ನಂಬರ್ ಬಳಸಬಹುದೇ?

ಪರ: ದರ ನೋಡಲು ಬಂದವರ ನಂಬರ್ ಏಕೆ ಬೇಕು?

ಬಳ್ಳಾರಿಯ ಜೀನ್ಸ್ ಪ್ಯಾಂಟುಗಳನ್ನು ಸಗಟಾಗಿ ತರಿಸಬೇಕೆಂಬ ವ್ಯಾಪಾರಿ ಒಂದು ಆ್ಯಪ್ ತೆರೆಯಲಿ, ಗಂಗಾವತಿಯ ಸೋನಾಮಸೂರಿ ಅಕ್ಕಿಯ ದರ ತಿಳಿಯಬೇಕೆನ್ನುವವರು ಇನ್ನೊಂದು ತೆರೆಯಲಿ, ಆನೆಗೊಂದಿಯಲ್ಲಿ ತಂಗಲು ಕೋಣೆ ಹುಡುಕುವ ಪ್ರವಾಸಿ ಮತ್ತೊಂದು ತೆರೆಯಲಿ, ಏನನ್ನೂ ತೋರಿಸುವ ಮೊದಲೇ ಇಂಥ ಹಲವು ಆ್ಯಪ್‌ಗಳು ಮೊಬೈಲ್ ನಂಬರ್ ಕೇಳುತ್ತವೆ. ದರ ನೋಡಿ ಹೊರಡುವವರಿಗೆ ನಂಬರ್ ಕೊಡುವ ಅಗತ್ಯವಿಲ್ಲ. ಅಗತ್ಯವಿರುವುದು ಆ್ಯಪ್ ನಡೆಸುವವರಿಗೆ ಮಾತ್ರ.

ಇಮೇಲ್ ವಿಳಾಸವನ್ನಾದರೆ ಬೇಕಾದಷ್ಟು ಮಾಡಿಕೊಳ್ಳಬಹುದು. ಬ್ಯಾಂಕ್ ಖಾತೆ, ಆಧಾರ್, ಯುಪಿಐ, ಗ್ಯಾಸ್ ಬುಕಿಂಗ್ ಎಲ್ಲದಕ್ಕೂ ಜೋಡಣೆಯಾಗಿರುವ ನಂಬರನ್ನು ಬದಲಿಸುವುದು ಅಷ್ಟು ಸುಲಭವಲ್ಲ. ಹೀಗಾಗಿ ಹತ್ತು ಕಂಪನಿಗಳ ಬಳಿ ಚದುರಿರುವ ನಮ್ಮ ಮಾಹಿತಿಯ ತುಂಡುಗಳನ್ನು ಒಬ್ಬರದೇ ಎಂದು ಗುರುತಿಸಿ ಒಂದಾಗಿ ಹೊಲಿಯಲು ಈ ಹತ್ತಂಕಿಯ ನಂಬರೇ ದಾರವಾಗುತ್ತದೆ. 2021ರ ಏಪ್ರಿಲ್‌ನಲ್ಲಿ ಫೇಸ್‌ಬುಕ್‌ನ 53 ಕೋಟಿಗೂ ಹೆಚ್ಚು ಬಳಕೆದಾರರ ಮಾಹಿತಿ ಫೋನ್ ನಂಬರುಗಳ ಸಮೇತ ಅಂತರ್ಜಾಲದಲ್ಲಿ ಬಯಲಾಯಿತು. ಅದರಲ್ಲಿ ಸುಮಾರು 60 ಲಕ್ಷ ಮಂದಿ ಭಾರತೀಯರಿದ್ದರು. ಸೋರಿಕೆಯನ್ನಾದರೂ ಅಚಾತುರ್ಯವೆನ್ನೋಣ. ಖಾತೆಯ ಸುರಕ್ಷತೆಗೆಂದು ಪಡೆದ ನಂಬರುಗಳನ್ನು ಜಾಹೀರಾತಿಗೆ ಬಳಸಿಕೊಂಡ ಆರೋಪದ ಮೇಲೆ 2022ರಲ್ಲಿ ಟ್ವಿಟರ್ ಅಮೆರಿಕದಲ್ಲಿ 15 ಕೋಟಿ ಡಾಲರ್ ದಂಡ ಕಟ್ಟಲು ಒಪ್ಪಿಕೊಂಡದ್ದನ್ನು ಏನೆನ್ನಬೇಕು?

ಹಳೆಯ ಸ್ಕೂಟರ್ ಮಾರಲೆಂದು ಜಾಹೀರಾತು ಹಾಕುವ ರಾಯಚೂರಿನ ಮಹಿಳೆಯೊಬ್ಬರನ್ನು ನೆನೆಯಿರಿ. ಅವರ ನಂಬರನ್ನು ಅಪರಿಚಿತರು ಉಳಿಸಿಕೊಂಡರೆ, ಆ ಮಹಿಳೆ ಸೆಟ್ಟಿಂಗ್ಸ್ ಬಿಗಿ ಮಾಡಿರದಿದ್ದಲ್ಲಿ, ವಾಟ್ಸ್ಆ್ಯಪ್‌ನಲ್ಲಿ ಅವರ ಫೋಟೊ ಕಾಣುತ್ತದೆ. ಸ್ಕೂಟರ್ ಮಾರಾಟವಾದ ಮೇಲೂ ರಾತ್ರಿ ಹತ್ತಕ್ಕೆ 'ಹಾಯ್' ಎಂಬ ಸಂದೇಶಗಳು ನಿಲ್ಲುವುದಿಲ್ಲ. ಅಂತರ್ಜಾಲ ತಾಣವೊಂದರಿಂದ ತೆಗೆದುಕೊಂಡು, ಒಂದು ಓಟಿಪಿ ಪಡೆದು ಬಿಟ್ಟುಬಿಡುವ ತಾತ್ಕಾಲಿಕ ನಂಬರ್ ಅಂಥವರಿಗೆ ಕಳ್ಳದಾರಿಯಲ್ಲ, ಬಾಗಿಲಿನ ಚಿಲಕ.

ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿತು. ಆ ಪ್ರಕರಣದ ಅರ್ಜಿದಾರರಾದ ಪುಟ್ಟಸ್ವಾಮಿಯವರು ನಮ್ಮದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿಗಳು. ಗ್ರಾಹಕರ ಮೊಬೈಲ್ ನಂಬರಿಗಾಗಿ ಒತ್ತಾಯಿಸಬಾರದೆಂದು ಕೇಂದ್ರ ಗ್ರಾಹಕ ವ್ಯವಹಾರಗಳ ಸಚಿವಾಲಯ 2023ರಲ್ಲಿ ಅಂಗಡಿಗಳಿಗೆ ತಿಳಿಸಿತು. ಆ್ಯಪ್‌ಗಳು ತಾವಾಗಿಯೇ ಆ ಸಂಯಮ ತೋರುವವರೆಗೆ ಬಳಕೆದಾರರು ತಮ್ಮ ಉಪಾಯ ತಾವು ನೋಡಿಕೊಂಡರೆ ತಪ್ಪೆಣಿಸಲಾಗದು. ಬ್ಯಾಂಕಿಗೋ ಸರ್ಕಾರಿ ಕೆಲಸಕ್ಕೋ ಇಂಥ ನಂಬರ್ ಬಳಸಿರೆಂದು ಯಾರೂ ಹೇಳುತ್ತಿಲ್ಲ.

ವಿರೋಧ: ಆ ನಂಬರ್ ಯಾರದು?

ಕೇಳಿದವರಿಗೆಲ್ಲ ನಂಬರ್ ಕೊಡಬಾರದೆಂಬ ಮಾತಿಗೆ ನನ್ನ ತಕರಾರಿಲ್ಲ. ಪರವಾಗಿ ಬರೆದವರು ಕೇಳದೆ ಬಿಟ್ಟ ಪ್ರಶ್ನೆ ಬೇರೆ: ಕೊಡುವ ತಾತ್ಕಾಲಿಕ ನಂಬರ್ ಯಾರ ಕೈಯಲ್ಲಿರುತ್ತದೆ?

ಉಚಿತವಾಗಿ ನಂಬರ್ ಒದಗಿಸುವ ತಾಣಗಳಲ್ಲಿ ಬಂದ ಸಂದೇಶಗಳೆಲ್ಲ ಒಂದೇ ಪುಟದಲ್ಲಿ ಬಹಿರಂಗವಾಗಿ ಬಿದ್ದಿರುತ್ತವೆ. ನಿಮಗೆ ಬಂದ ಓಟಿಪಿಯನ್ನು ಆ ಪುಟ ತೆರೆದ ಯಾರಾದರೂ ಓದಬಹುದು. ನಾಳೆ ಅದೇ ನಂಬರಿನಿಂದ 'ಪಾಸ್‌ವರ್ಡ್ ಮರೆತಿದ್ದೇನೆ' ಎಂದು ಒತ್ತಿ ನಿಮ್ಮ ಖಾತೆಯೊಳಗೆ ಹೋಗಲೂಬಹುದು. ಹಣ ಕೊಟ್ಟು ಬಾಡಿಗೆಗೆ ಪಡೆದ ನಂಬರಾದರೂ ಅವಧಿ ಮುಗಿದ ಮೇಲೆ ಬೇರೊಬ್ಬರ ಪಾಲಾಗುತ್ತದೆ. ಸ್ವಂತ ಸಿಮ್ಮಿಗೂ ಈ ಅಪಾಯ ತಪ್ಪಿದ್ದಲ್ಲ: ಸಿಂಧನೂರು, ಮಸ್ಕಿ ಕಡೆಯಿಂದ ಬೆಂಗಳೂರಿಗೆ ಗುಳೆ ಹೋದವರು ಕರೆನ್ಸಿ ಹಾಕಿಸದೆ ಬಿಟ್ಟ ನಂಬರ್ ರದ್ದಾದರೆ, 90 ದಿನಗಳ ನಂತರ ಅದನ್ನು ಹೊಸ ಗ್ರಾಹಕರಿಗೆ ಕೊಡಲು ಅವಕಾಶವಿದೆ. ಅಲ್ಲಿ ಮೂರು ತಿಂಗಳ ಬಿಡುವಾದರೂ ಇದೆ; ಉಚಿತ ತಾಣದಲ್ಲಿ ಒಂದು ನಿಮಿಷದ ಬಿಡುವೂ ಇಲ್ಲ. ಇದನ್ನು ಚಿಲಕವೆನ್ನುವುದಾದರೆ, ಅದು ಬೀದಿಯಿಂದ ಹಾಕುವ ಚಿಲಕ.

ಉಚಿತ ತಾಣಗಳ ನಂಬರುಗಳನ್ನು ದೊಡ್ಡ ಆ್ಯಪ್‌ಗಳು ಹಲವು ಬಾರಿ ಗುರುತಿಸಿ ತಿರಸ್ಕರಿಸುತ್ತವೆ. ಆಗ ಜನ ಓಟಿಪಿಗೆಂದೇ ಭಾರತೀಯ ನಂಬರ್ ಮಾರುವವರ ಬಳಿ ಹೋಗುತ್ತಾರೆ. ನನಗೆ ಅತ್ಯಂತ ಆತಂಕದ ಸಂಗತಿ ಇದು. ಭಾರತದಲ್ಲಿ ಗುರುತಿನ ದಾಖಲೆಯಿಲ್ಲದೆ ಸಿಮ್ ಸಿಗದಿರುವಾಗ, ಅಂಥ ಪ್ರತಿಯೊಂದು ನಂಬರಿನ ಹಿಂದೆ ಯಾರದೋ ಹೆಸರು, ಯಾರದೋ ದಾಖಲೆ ಇರಲೇಬೇಕು. ಮೊದಲ ಸಲ ಬೆರಳು ಸರಿಯಾಗಿ ಮೂಡಲಿಲ್ಲವೆಂದು ಹೇಳಿ ಎರಡನೆಯ ಸಲ ಒತ್ತಿಸಿಕೊಂಡು, ಗ್ರಾಹಕರಿಗೆ ಗೊತ್ತಿಲ್ಲದಂತೆ ಇನ್ನೊಂದು ಸಿಮ್ ಚಾಲೂ ಮಾಡುವುದು ಸೈಬರ್ ವಂಚನೆಯ ಹಳೆಯ ಚಾಳಿ. ಓದು ಬಾರದ ಕೂಲಿಕಾರರು ಅದಕ್ಕೆ ಸುಲಭವಾಗಿ ಸಿಗುತ್ತಾರೆ. ನಮ್ಮ ಖಾಸಗಿತನಕ್ಕಾಗಿ ಇನ್ನೊಬ್ಬರ ಹೆಸರು ಪೊಲೀಸರ ಪಟ್ಟಿಗೆ ಸೇರುವಂತಾದರೆ ಅದನ್ನು ಹಕ್ಕೆಂದು ಕರೆಯಲು ನನಗೆ ಮನಸ್ಸಾಗದು. 2023ರ ದೂರಸಂಪರ್ಕ ಕಾಯ್ದೆ ವಂಚನೆಯಿಂದಲೋ ಪರರ ಹೆಸರಿನಲ್ಲೋ ಸಿಮ್ ಪಡೆಯುವುದಕ್ಕೆ ಮೂರು ವರ್ಷದವರೆಗೆ ಜೈಲು ಅಥವಾ 50 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸುತ್ತದೆ. ತಮ್ಮ ಹೆಸರಿನಲ್ಲಿ ಎಷ್ಟು ಸಿಮ್ಮುಗಳಿವೆ ಎಂಬುದನ್ನು ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ತಾಣದಲ್ಲಿ ನೋಡಬಹುದು. ಗುಳೆ ಹೋಗಿಬಂದವರ ಮನೆಗಳಲ್ಲಿ ಓದಿದ ಮಕ್ಕಳು ಅದನ್ನೊಮ್ಮೆ ನೋಡಿಕೊಡಲಿ.

ಇಷ್ಟೆಲ್ಲ ಮಾಡಿದರೂ ನಂಬರ್ ಗುಟ್ಟಾಗಿ ಉಳಿಯುತ್ತದೆಂಬ ಭರವಸೆಯಿಲ್ಲ. ನೀವು ಮುಚ್ಚಿಟ್ಟ ನಂಬರನ್ನು, ಕಾಂಟ್ಯಾಕ್ಟ್ ಪಟ್ಟಿ ಓದಲು ಅನುಮತಿ ಕೊಟ್ಟ ನಿಮ್ಮ ಸೋದರಮಾವನ ಫೋನು, ಹೆಸರಿನ ಸಮೇತ ಅದೇ ಆ್ಯಪ್‌ಗೆ ಒಪ್ಪಿಸಿರುತ್ತದೆ.

ಬೇರೆ ದಾರಿಗಳಿವೆ. ಒಬ್ಬರ ಹೆಸರಿನಲ್ಲಿ ಕರ್ನಾಟಕದಲ್ಲಿ ಒಂಬತ್ತು ಸಿಮ್ಮುಗಳವರೆಗೆ ಕಾನೂನಿನ ಅವಕಾಶವಿರುವುದರಿಂದ, ಜಾಹೀರಾತು ಮತ್ತು ವ್ಯಾಪಾರಕ್ಕೆಂದು ಸ್ವಂತ ಹೆಸರಿನ ಎರಡನೆಯ ಸಿಮ್ ಇಟ್ಟುಕೊಳ್ಳಬಹುದು. ಅದನ್ನು ಜೀವಂತವಾಗಿಡಲು ಆಗಾಗ ರೀಚಾರ್ಜ್ ಮಾಡಿಸುವ ಖರ್ಚು ಎಲ್ಲರಿಗೂ ಹಗುರವಲ್ಲ ಎಂಬುದನ್ನು ಒಪ್ಪುತ್ತೇನೆ. ಟೆಲಿಗ್ರಾಂನಲ್ಲಿ ಹಲವು ವರ್ಷಗಳಿಂದಲೂ, ಸಿಗ್ನಲ್‌ನಲ್ಲಿ 2024ರಿಂದಲೂ ನಂಬರ್ ಮರೆಮಾಡಿ ಬಳಕೆದಾರ ಹೆಸರಿನಿಂದಲೇ ಮಾತಾಡಬಹುದು. ಇಮೇಲ್‌ನಿಂದ ಖಾತೆ ತೆರೆಯಲು ಬಿಡುವ ಆ್ಯಪ್‌ಗಳಲ್ಲಿ ಇಮೇಲನ್ನೇ ಕೊಡಬಹುದು. ಗೊತ್ತುಪಡಿಸಿದ ಉದ್ದೇಶಕ್ಕೆ ಅಗತ್ಯವಿರುವಷ್ಟೇ ಮಾಹಿತಿಗೆ ಒಪ್ಪಿಗೆ ಸೀಮಿತವೆಂದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಹೇಳುತ್ತದೆ; ಅಕ್ಕಿಯ ದರ ತೋರಿಸಲು ನಂಬರ್ ಏಕೆ ಬೇಕೆಂದು ಕೇಳಲು ಅದೇ ಆಧಾರ.

ಸಂದೇಶ ಆ್ಯಪ್‌ಗಳು ನೋಂದಾಯಿತ ಸಿಮ್ ಫೋನಿನಲ್ಲಿದ್ದಾಗ ಮಾತ್ರ ಕೆಲಸ ಮಾಡುವಂತಿರಬೇಕೆಂದು ದೂರಸಂಪರ್ಕ ಇಲಾಖೆ 2025ರ ನವೆಂಬರ್‌ನಲ್ಲಿ ಸೂಚಿಸಿದೆ. ಆದ್ದರಿಂದ ತಾತ್ಕಾಲಿಕ ನಂಬರಿನಲ್ಲಿ ಈಗಾಗಲೇ ಖಾತೆ ತೆರೆದವರು ಒಳಗೆ ಹೋಗಲು ಸಾಧ್ಯವಿರುವಾಗಲೇ ಸೆಟ್ಟಿಂಗ್ಸ್‌ನಲ್ಲಿ ತಮ್ಮ ನಂಬರಿಗೆ ಬದಲಿಸಿಕೊಳ್ಳಬೇಕು. ಆ ಬದಲಾವಣೆಗೂ ಕೆಲವು ಆ್ಯಪ್‌ಗಳು ಓಟಿಪಿ ಕಳಿಸುವುದು ಹಳೆಯ ನಂಬರಿಗೇ.