ತರಕಾರಿ ಗಿಡದ ಬುಡಕ್ಕೆ ಉಪ್ಪು: ಸತ್ಯಾಂಶ

ಮಳೆಗಾಲ ಹತ್ತಿರವಾದಂತೆ, ತರಕಾರಿ ಗಿಡಗಳ ಬುಡಕ್ಕೆ ಅಡುಗೆ ಉಪ್ಪು ಹಾಕಿದರೆ ಹುಳುಗಳು ಸಾಯುತ್ತವೆ, ಮಣ್ಣಿನ ಹುಳಿಯೂ (ಆಮ್ಲೀಯತೆ) ಹೋಗುತ್ತದೆ ಎಂಬ ಸಂದೇಶ ಮಲೆನಾಡಿನ ಮನೆಗಳಲ್ಲಿ ಮತ್ತೆ ಹರಿದಾಡುತ್ತದೆ. ಇದು ಸರಿಯಲ್ಲ.

ನಂಬಿಕೆ ಹುಟ್ಟಿದ್ದಕ್ಕೆ ಕಾರಣವಿದೆ. ತೆಂಗಿನ ಬುಡಕ್ಕೆ ಉಪ್ಪು ಹಾಕುವ ರೂಢಿ ನಮ್ಮಲ್ಲಿ ಹಳೆಯದು, ಮತ್ತು ಉಪ್ಪು ಬಿದ್ದ ಬಸವನಹುಳು ದೇಹದ ನೀರು ಕಳೆದುಕೊಂಡು ಸಾಯುವುದೂ ನಿಜ. ಆದರೆ ತೆಂಗು ಉಪ್ಪನ್ನು ಸಹಿಸುವ ಮರ. ಹುರುಳಿಕಾಯಿ, ಮೂಲಂಗಿ, ಮೆಣಸಿನ ಗಿಡಗಳು ಹಾಗಲ್ಲ. ಮಣ್ಣಿನ ನೀರಿನಲ್ಲಿ ಉಪ್ಪು ಹೆಚ್ಚಿದಾಗ ಬೇರು ನೀರು ಹೀರಲಾರದೆ, ಮಣ್ಣು ಒದ್ದೆಯಿದ್ದರೂ ಎಲೆಯ ಅಂಚು ಸುಟ್ಟಂತಾಗಿ ಗಿಡ ಬಾಡುತ್ತದೆ. ಜೋರು ಮಳೆ ತೆರೆದ ನೆಲದ ಉಪ್ಪನ್ನು ಸ್ವಲ್ಪಮಟ್ಟಿಗೆ ತೊಳೆದೀತು, ಆದರೆ ಸೂರಿನ ಕೆಳಗಿನ ಕುಂಡಗಳಲ್ಲಿ ಅದು ಉಳಿದುಬಿಡುತ್ತದೆ. ಶಿವಮೊಗ್ಗ ಸೀಮೆಯ ಜಂಬಿಟ್ಟಿಗೆ ಮಣ್ಣು ಸಾಮಾನ್ಯವಾಗಿ ಹುಳಿಯಾದದ್ದು ಹೌದು. ಆ ಹುಳಿಯನ್ನು ತಗ್ಗಿಸುವುದು ಸುಣ್ಣವೇ ಹೊರತು ಉಪ್ಪಲ್ಲ.

ಪರೀಕ್ಷೆ ಮನೆಯಲ್ಲೇ ಸಾಧ್ಯ. ಒಂದೇ ಮಣ್ಣು ತುಂಬಿದ ಎರಡು ಕುಂಡಗಳಲ್ಲಿ ಹತ್ತು ಹತ್ತು ಅಲಸಂದೆ ಬೀಜ ಬಿತ್ತಿ, ಒಂದಕ್ಕೆ ಬರೀ ನೀರು, ಇನ್ನೊಂದಕ್ಕೆ ಲೀಟರಿಗೆ ಎರಡು ಚಮಚ ಉಪ್ಪು ಕಲಸಿದ ನೀರು ಹಾಕಿ ಎರಡು ವಾರ ನೋಡಬಹುದು. ಇಂಥ ಯಾವುದೇ ಸಲಹೆ ಬಂದಾಗ, ಯಾವ ಬೆಳೆಗೆ, ಎಷ್ಟು ಪ್ರಮಾಣ ಎಂದು ಅದು ಹೇಳುತ್ತದೆಯೇ ಎಂಬುದನ್ನು ಮೊದಲು ಗಮನಿಸಬೇಕು. ಸುಣ್ಣ ಹಾಕುವ ಮುನ್ನವೂ 15 ಸೆಂಟಿಮೀಟರ್ ಆಳದವರೆಗಿನ ಮಣ್ಣನ್ನು ಹಲವು ಕಡೆಯಿಂದ ತೆಗೆದು ಬೆರೆಸಿ, ಮಣ್ಣು ಪರೀಕ್ಷೆ ಮಾಡಿಸುವುದು ಒಳ್ಳೆಯದು.

ಬಸವನಹುಳುಗಳಿಗೆ, ಸಂಜೆ ಒದ್ದೆ ಗೋಣಿಚೀಲ ಹಾಸಿಟ್ಟು ಬೆಳಿಗ್ಗೆ ಅದರಡಿ ಸೇರಿದವುಗಳನ್ನು ಕೈಗವಸು ಹಾಕಿಕೊಂಡು ಆರಿಸಿ ತೆಗೆಯುವುದು ಗಿಡಕ್ಕೂ ಮಣ್ಣಿಗೂ ಹಾನಿಯಿಲ್ಲದ ದಾರಿ.