ಅಧ್ಯಕ್ಷರ ಮನೆಯವರು ಬಂದರು, ಕುರ್ಚಿ ತನ್ನಿ!

ಛತ್ತೀಸ್‌ಗಢದ ಕಬೀರ್‌ಧಾಮ್ ಜಿಲ್ಲೆಯಲ್ಲಿ ಪರಸ್ವಾರಾ ಅಂತ ಒಂದು ಊರಿದೆ. 2025ರ ಮಾರ್ಚ್‌ನಲ್ಲಿ ಅಲ್ಲಿ ಪಂಚಾಯಿತಿಗೆ ಗೆದ್ದ ಆರು ಹೆಂಗಸರ ಬದಲು ಅವರ ಗಂಡಂದಿರು ಬಂದು ಪ್ರಮಾಣವಚನ ತೆಗೆದುಕೊಂಡರು. ವಿಡಿಯೊ ಎಲ್ಲ ಕಡೆ ಓಡಾಡಿತು. ಪಂಚಾಯಿತಿ ಕಾರ್ಯದರ್ಶಿ ಸಸ್ಪೆಂಡ್ ಆದರು.

ಪಾಪ, ಅನುಭವ ಸಾಲದು. ಕರ್ನಾಟಕಕ್ಕೆ ಬಂದು ಟ್ರೈನಿಂಗ್ ತಗೊಳ್ಳಬಹುದಿತ್ತು. ನಾವು 1987ರ ಮಂಡಲ ಪಂಚಾಯಿತಿ ಚುನಾವಣೆಯಲ್ಲೇ ಹೆಂಗಸರಿಗೆ ನಾಲ್ಕರಲ್ಲೊಂದು ಸೀಟು ಕೊಟ್ಟವರು. ದೇಶದ ಎಲ್ಲ ಪಂಚಾಯಿತಿಗಳಲ್ಲೂ ಹೆಂಗಸರಿಗೆ ಮೀಸಲಾತಿ ತಂದ ಸಂವಿಧಾನದ 73ನೇ ತಿದ್ದುಪಡಿ ಬಂದಿದ್ದು ಆಮೇಲೆ. 2010ರಲ್ಲಿ ಕಾನೂನು ತಿದ್ದಿ ಅರ್ಧಕ್ಕರ್ಧ ಮಾಡಿದೆವು. ಇಷ್ಟು ವರ್ಷದಲ್ಲಿ ನಮ್ಮ ಗಂಡಸರು ಚೆನ್ನಾಗಿ ಪಳಗಿದ್ದಾರೆ. ಪ್ರಮಾಣವಚನಕ್ಕೆ ಹೆಂಡತಿಯನ್ನೇ ಕಳಿಸುತ್ತಾರೆ. ಡ್ಯೂಟಿಗೆ ಸೇರುವುದು ಮಾರನೇ ದಿನ.

ಫ್ಲೆಕ್ಸ್ ನೋಡಿದರೇ ಗೊತ್ತಾಗುತ್ತದೆ. ಬಸ್‌ಸ್ಟ್ಯಾಂಡಿನಲ್ಲಿ ‘ನೂತನ ಅಧ್ಯಕ್ಷರಿಗೆ ಅಭಿನಂದನೆಗಳು’. ನಡುವೆ ಕೂಲಿಂಗ್ ಗ್ಲಾಸ್ ಹಾಕಿದ ಯಜಮಾನರು, ಆಳೆತ್ತರ. ಮೇಲೆ ಸಾಲಾಗಿ ಶಾಸಕರು, ಮಾಜಿ ಶಾಸಕರು, ಮುಂದೆ ಶಾಸಕರಾಗುವವರು. ಅಧ್ಯಕ್ಷರು ಎಲ್ಲಿ? ಕೆಳಗೆ ಮೂಲೆಯಲ್ಲಿ, ಆಧಾರ್ ಕಾರ್ಡಿನ ಫೋಟೊದಲ್ಲಿ.

ಇನ್ನು ಆಫೀಸು. ಯಜಮಾನರ ಬುಲೆಟ್ ಸದ್ದು ಕೇಳಿದರೆ ಸಾಕು, ಬಿಲ್ ಕಲೆಕ್ಟರ್ ಕುರ್ಚಿ ಒರೆಸುತ್ತಾನೆ. ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಎದ್ದು ನಿಂತು ‘ಬನ್ನಿ ಅಧ್ಯಕ್ಷರೇ’ ಅನ್ನುತ್ತಾರೆ. ದುಡ್ಡು ಪಾಸಾಗಲು ಅಧ್ಯಕ್ಷರ ಡಿಜಿಟಲ್ ಸಹಿ ಬೇಕು. ಆ ಸಹಿ ಇರುವ ಡೋಂಗಲ್, ಅಂದರೆ ಕಂಪ್ಯೂಟರಿಗೆ ಚುಚ್ಚುವ ಕಡ್ಡಿ, ಯಜಮಾನರ ಜೇಬಿನಲ್ಲಿ, ಬುಲೆಟ್ ಕೀಲಿಯ ಜೊತೆಗೇ ಇರುತ್ತದೆ. ಒಟಿಪಿ ಬರುವುದೂ ಅವರ ಮೊಬೈಲಿಗೇ. ಸಹಿಯ ಕಳ್ಳತನ ತಪ್ಪಿಸಲು ಸರ್ಕಾರ ಎಂಥಾ ತಂತ್ರಜ್ಞಾನ ತಂದಿದೆ ನೋಡಿ.

ಬೀದಿದೀಪ ಕೆಟ್ಟಿದೆ ಅಂತ ಹೇಳಲು ಅಜ್ಜಿಯೊಬ್ಬರು ಅಧ್ಯಕ್ಷರ ಮನೆಗೇ ಹೋದರು ಅನ್ನಿ.

‘ಅಧ್ಯಕ್ಷರು ಇದ್ದಾರೇನವ್ವಾ?’

‘ಇಲ್ಲ ಅಜ್ಜಿ, ಪಂಚಾಯಿತಿಗೆ ಹೋಗ್ಯಾರೆ’ ಅಂತ ಅಧ್ಯಕ್ಷರೇ ಬಾಗಿಲಿಗೆ ಬಂದು ಹೇಳುತ್ತಾರೆ.

ನರ್ಸಮ್ಮನ ಗಂಡ ಸಿರಿಂಜ್ ಹಿಡಿದು ಬಂದರೆ ನೀವು ತೋಳು ಕೊಡ್ತೀರಾ? ಆದರೆ ಊರಿನ ಖಜಾನೆ ವಿಷಯದಲ್ಲಿ ಯಾರಿಗೂ ಸೂಜಿಯ ಭಯ ಇಲ್ಲ. ‘ಆಯಮ್ಮನಿಗೆ ಏನೂ ಗೊತ್ತಾಗಲ್ಲ ಸಾರ್’ ಅನ್ನುವ ಮಾತು ಬೇರೆ. ಮೊದಲ ಸಲ ಗೆದ್ದ ಗಂಡಸಿಗೆ ಹುಟ್ಟಿದಾಗಿನಿಂದ ಕ್ರಿಯಾಯೋಜನೆ ಗೊತ್ತಿತ್ತಾ? ಗಂಡನನ್ನು ಹೊರಗೆ ಕೂರಿಸಿ ತಾವೇ ಸಭೆ ನಡೆಸಿದ ಅಧ್ಯಕ್ಷರೂ ಇದ್ದಾರೆ, ಇಲ್ಲ ಅಂತಲ್ಲ. ಅಂಥವರಿಗೆ ಊರು ಕೊಡುವ ಬಿರುದು ‘ಜೋರು ಹೆಂಗಸು’.

ಹಾಗಂತ ಹೆಂಗಸರು ಸಾರ್ವಜನಿಕ ಜೀವನದಲ್ಲಿ ಕಾಣುವುದೇ ಇಲ್ಲ ಅನ್ನಬೇಡಿ. ಮಂತ್ರಿ ಬರುವ ದಿನ ಸ್ತ್ರೀಶಕ್ತಿ ಸಂಘದವರಿಗೆ ಹಿಂದಿನ ರಾತ್ರಿಯೇ ಫೋನ್ ಹೋಗುತ್ತದೆ. ಎಲ್ಲರೂ ಒಂದೇ ಬಣ್ಣದ ಸೀರೆ, ತಲೆ ಮೇಲೆ ಕುಂಭ. ಹತ್ತಕ್ಕೆ ಬರಬೇಕಾದ ಮಂತ್ರಿ ಬರುವುದು ಮಧ್ಯಾಹ್ನ ಎರಡಕ್ಕೆ. ಆಮೇಲೆ ವೇದಿಕೆ ತುಂಬ ಗಂಡಸರು ಕೂತು ಮಹಿಳಾ ಸಬಲೀಕರಣದ ಬಗ್ಗೆ ಮಾತಾಡುತ್ತಾರೆ. ಕುಂಭ ಹೊತ್ತವರು ಕೆಳಗೆ ಶಾಮಿಯಾನದಲ್ಲಿ ಚಪ್ಪಾಳೆ ಹೊಡೆಯುತ್ತಾರೆ. ಕುತ್ತಿಗೆ ನೋವು ಮನೆಗೆ ಹೋದಮೇಲೆ.

ವಿಧಾನಸೌಧದಲ್ಲಿ ಮಾತ್ರ ಈ ನಾಟಕ ಇಲ್ಲ. ಅಲ್ಲಿ ಮಹಿಳಾ ಮೀಸಲಾತಿ ಇಲ್ಲವಲ್ಲ. 2023ರಲ್ಲಿ 224 ಜನರಲ್ಲಿ ಗೆದ್ದ ಹೆಂಗಸರು 10. ಉಳಿದ ಕಡೆ ಯಜಮಾನರು ತಮ್ಮ ಹೆಸರಲ್ಲೇ ಗೆದ್ದು ಹೋಗಿದ್ದಾರೆ.

ಸಂಸತ್ತಿನದು ಇನ್ನೂ ನಿಧಾನ. ಮೂರನೇ ಒಂದು ಸೀಟಿನ ಮಸೂದೆ ಮೊದಲು ಬಂದಿದ್ದು 1996ರಲ್ಲಿ, ನಮ್ಮ ದೇವೇಗೌಡರು ಪ್ರಧಾನಿಯಾಗಿದ್ದಾಗ. ಪಾಸಾಗಿದ್ದು 2023ರಲ್ಲಿ. ಅದರಲ್ಲೂ ಮೊದಲು ಜನಗಣತಿ, ಆಮೇಲೆ ಕ್ಷೇತ್ರ ಮರುವಿಂಗಡಣೆ, ಅದಾದಮೇಲೆ ಜಾರಿ ಅಂತ ಬರೆದರು. ಹೆಂಗಸರು ಇದಕ್ಕೆ ಬೇಜಾರಾದರು. ಯಜಮಾನರಿಗೇನೂ ಬೇಜಾರಿಲ್ಲ, ದೆಹಲಿಗೆ ಹೋಗುವುದರೊಳಗೆ ಹಿಂದಿ ಕಲಿಯಲು ಟೈಮ್ ಸಿಕ್ಕಿತು.