ಡಿಬೇಟ್‌ಗೆ ಸೇರಿದ ಮಗು ಮೊದಲು ಕಲಿಯಬೇಕಾದ್ದು ಕೇಳಿಸಿಕೊಳ್ಳುವುದನ್ನು

ಹೈಸ್ಕೂಲ್ ಮಕ್ಕಳನ್ನು ಡಿಬೇಟ್‌ಗೆ ಯಾಕೆ ಸೇರಿಸ್ತೀರಿ ಅಂತ ಕೇಳಿದರೆ ಹೆಚ್ಚಿನ ಅಪ್ಪ-ಅಮ್ಮಂದಿರ ಉತ್ತರ ಒಂದೇ: ಸಭಾಕಂಪನ ಹೋಗಲಿ. ಅದಕ್ಕೆ ಡಿಬೇಟೇ ಬೇಕಾಗಿಲ್ಲ. ಭಾಷಣ ಸ್ಪರ್ಧೆಯಲ್ಲಿ ಬಾಯಿಪಾಠ ಒಪ್ಪಿಸಿದರೂ, ನಾಟಕದಲ್ಲಿ ಪಾತ್ರ ಮಾಡಿದರೂ ಆ ನಡುಕ ಹೋಗುತ್ತದೆ. ಡಿಬೇಟ್ ತಿದ್ದುವುದು ಕಿವಿಯನ್ನು.

ವರ್ಲ್ಡ್ ಸ್ಕೂಲ್ಸ್ ಮಾದರಿಯನ್ನೇ ನೋಡಿ. ಹೈಸ್ಕೂಲ್ ಮಕ್ಕಳ ಆ ವಿಶ್ವ ಸ್ಪರ್ಧೆ 1988ರಲ್ಲಿ ಆಸ್ಟ್ರೇಲಿಯಾದಲ್ಲಿ ಶುರುವಾಯಿತು. ಒಂದೊಂದು ಪಕ್ಷದಿಂದ ಮೂವರು, ತಲಾ 8 ನಿಮಿಷ. ಕೊನೆಗೆ ಎರಡೂ ಕಡೆಯಿಂದ 4 ನಿಮಿಷದ ಸಮಾರೋಪ ಭಾಷಣ. ಅಂಕ ಹಂಚುವುದು ಹೀಗೆ: ವಿಷಯಕ್ಕೆ 40, ಶೈಲಿಗೆ 40, ತಂತ್ರಕ್ಕೆ 20. ಅಂದರೆ ಎಷ್ಟೇ ಚೆಂದ ಮಾತಾಡಿದರೂ ಒಟ್ಟು ಅಂಕದಲ್ಲಿ ಅರ್ಧದಷ್ಟೂ ಅದರಿಂದ ಬರುವುದಿಲ್ಲ. ಮೂರನೆಯವರ ಭಾಷಣವಂತೂ ಬಹುಪಾಲು ಖಂಡನೆಯೇ. ಎದುರಾಳಿ ಏನು ಹೇಳಿದರೆಂದು ಗೊತ್ತಿಲ್ಲದವರಿಗೆ ಆ 8 ನಿಮಿಷ ಮುಗಿಯುವುದೇ ಇಲ್ಲ. ಗಟ್ಟಿಯಾಗಿ ಮಾತಾಡುವ ಮಗುವಿಗಿಂತ ಸುಮ್ಮನೆ ಕೂತು ಎಲ್ಲ ಗಮನಿಸುವ ಮಗು ಈ ಜಾಗಕ್ಕೆ ಹೇಳಿ ಮಾಡಿಸಿದ ಹಾಗಿರುತ್ತದೆ. ಕೋಚ್‌ಗಳೇ ಇದನ್ನು ಎಷ್ಟೋ ಸಲ ಗಮನಿಸುವುದಿಲ್ಲ.

ಕೇಳಿಸಿಕೊಳ್ಳುವುದಕ್ಕೂ ಒಂದು ವಿಧಾನವಿದೆ, ಅದನ್ನು ಫ್ಲೋ ಅಂತಾರೆ. ದೊಡ್ಡ ಹಾಳೆಯನ್ನು ಅಡ್ಡ ಇಟ್ಟು, ಒಬ್ಬೊಬ್ಬ ಭಾಷಣಕಾರರಿಗೆ ಒಂದೊಂದು ಕಾಲಂ ಗೆರೆ ಎಳೆಯಬೇಕು. ನಮ್ಮ ಪಕ್ಷಕ್ಕೆ ಒಂದು ಬಣ್ಣದ ಪೆನ್ನು, ಅವರದಕ್ಕೆ ಇನ್ನೊಂದು. ವಾದವನ್ನು ನಾಲ್ಕೈದು ಪದಗಳಲ್ಲಿ ಬರೆದು, ಅದರ ಕೆಳಗೆ ಅವರು ಕೊಟ್ಟ ಕಾರಣ ಬರೆದು, ಎರಡು ಬೆರಳಿನಷ್ಟು ಜಾಗ ಬಿಟ್ಟು ಮುಂದೆ ಹೋಗಬೇಕು. ಹೊಸಬರು ಪ್ರತಿ ವಾಕ್ಯ ಬರೆಯಲು ಹೋಗಿ ಮೂರನೇ ನಿಮಿಷಕ್ಕೆ ಹಿಂದೆ ಬೀಳುತ್ತಾರೆ. ಅದಕ್ಕಿಂತ ಕೆಟ್ಟ ಚಾಳಿ, ಎದುರಾಳಿ ಮಾತಾಡುವಾಗ ತಲೆ ಬಗ್ಗಿಸಿ ತಮ್ಮ ಭಾಷಣವನ್ನೇ ತಿದ್ದುತ್ತ ಕೂರುವುದು.

ಖಂಡನೆ ಅಂದರೆ 'ಅದು ತಪ್ಪು' ಅನ್ನುವುದಲ್ಲ. ವಿಷಯ 'ಹೋಂವರ್ಕ್ ರದ್ದಾಗಬೇಕು' ಅಂದುಕೊಳ್ಳಿ. ಮನೆಯಲ್ಲಿ ಹೇಳಿಕೊಡುವವರಿಲ್ಲದ ಮಕ್ಕಳು ಹೋಂವರ್ಕ್‌ನಿಂದ ಹಿಂದೆ ಬೀಳುತ್ತಾರೆ ಅಂತ ಪರ ಪಕ್ಷ ಹೇಳುತ್ತದೆ. 'ಎಲ್ಲರ ಮನೆಯಲ್ಲೂ ಹಾಗಿಲ್ಲ' ಅನ್ನುವುದು ಸೋಲುವ ಉತ್ತರ. ಅವರೂ ಎಲ್ಲರ ಮನೆ ಅಂದಿರಲಿಲ್ಲವಲ್ಲ. ಗಟ್ಟಿ ಉತ್ತರ ಹೀಗಿರುತ್ತದೆ: 'ಅಂಥ ಮಕ್ಕಳಿದ್ದಾರೆ, ಒಪ್ಪಿದೆವು. ಆದರೆ ಹೋಂವರ್ಕ್ ನಿಂತರೆ ಅನುಕೂಲವಿರುವವರು ಟ್ಯೂಷನ್‌ಗೆ ಹೋಗುತ್ತಾರೆ, ಈ ಮಕ್ಕಳಿಗೆ ಇರುವ ಅಭ್ಯಾಸವೂ ತಪ್ಪುತ್ತದೆ. ಆದ್ದರಿಂದ ನೀವು ಹೇಳುವ ಅಂತರ ಇನ್ನೂ ಹೆಚ್ಚುತ್ತದೆ.' ಆ 'ಆದ್ದರಿಂದ' ಇದೆಯಲ್ಲ, ಮಕ್ಕಳು ಬಿಟ್ಟುಬಿಡುವುದು ಅದನ್ನೇ. ಬಿಟ್ಟರೆ ವಾದ ಎಲ್ಲಿಗೆ ಮುಟ್ಟಿತು ಅಂತ ತೀರ್ಪುಗಾರರಿಗೆ ತಿಳಿಯುವುದಿಲ್ಲ.

ಪರವೋ ವಿರೋಧವೋ ಅನ್ನುವುದು ಮಗುವಿನ ಕೈಯಲ್ಲಿರುವುದಿಲ್ಲ. ತಾನು ನಂಬದ ಪಕ್ಷ ಬಂದರೂ ಅದರ ಅತ್ಯುತ್ತಮ ವಾದವನ್ನು ಹುಡುಕಲೇಬೇಕು. ಹದಿನಾಲ್ಕು-ಹದಿನೈದರ ವಯಸ್ಸಿಗೆ ಇದಕ್ಕಿಂತ ಒಳ್ಳೆಯ ವ್ಯಾಯಾಮ ನನಗಂತೂ ಕಾಣುವುದಿಲ್ಲ. ಆಶುವಿಷಯಕ್ಕೆ, ಅಂದರೆ ಮೊದಲೇ ತಿಳಿಸದೆ ಸ್ಥಳದಲ್ಲೇ ಕೊಡುವ ವಿಷಯಕ್ಕೆ, ತಯಾರಿಗೆ ಸಿಗುವುದು ಒಂದು ಗಂಟೆ, ಇಂಟರ್ನೆಟ್ ಇಲ್ಲ. ಅದರಲ್ಲಿ ಮೊದಲ ಹತ್ತು ನಿಮಿಷ ಯಾರೂ ಮಾತಾಡದೆ ಒಬ್ಬೊಬ್ಬರೇ ಬರೆದುಕೊಳ್ಳಲಿ. ಇಲ್ಲದಿದ್ದರೆ ಜೋರಿರುವ ಒಬ್ಬ ಮೂವರ ಭಾಷಣವನ್ನೂ ತಾನೇ ಬರೆದುಬಿಡುತ್ತಾನೆ. ವೇದಿಕೆ ಮೇಲೆ ಮೊದಲ ಪ್ರಶ್ನೆಗೇ ಉಳಿದಿಬ್ಬರ ಬಂಡವಾಳ ಬಯಲು.

ಆ ಪ್ರಶ್ನೆಗಳನ್ನು ಎದುರಾಳಿಗಳು ಎದ್ದು ಕೇಳಬಹುದಾದ್ದು ಭಾಷಣದ ಮೊದಲ ನಿಮಿಷ ಕಳೆದ ಮೇಲೆ, ಏಳನೇ ನಿಮಿಷ ಮುಗಿಯುವುದರೊಳಗೆ. ಎರಡನ್ನು ತೆಗೆದುಕೊಂಡರೆ ಹದ. ಒಂದನ್ನೂ ತೆಗೆದುಕೊಳ್ಳದಿದ್ದರೆ ಹೆದರಿದಂತೆ ಕಾಣುತ್ತದೆ, ಬಂದದ್ದನ್ನೆಲ್ಲ ತೆಗೆದುಕೊಂಡರೆ ಭಾಷಣವೇ ಅವರ ಪಾಲಾಗುತ್ತದೆ.

ಕೆಡುವ ದಾರಿಯೂ ಇದೆ. ಮೂಲ ಹೇಳದೆ ಅಂಕಿ ಎಸೆಯುವುದು, ಉಸಿರು ಬಿಡದೆ ಓಡಿಸುವುದು, ಊಟದ ಹೊತ್ತಲ್ಲೂ ಅಮ್ಮನ ಮಾತಿಗೆ 'ನಿಮ್ಮ ವಾದದಲ್ಲಿ ಮೂರು ದೋಷಗಳಿವೆ' ಅನ್ನುವುದು. ಕೊನೆಯದು ಒಂದು ವರ್ಷದಲ್ಲಿ ತಾನಾಗಿ ಇಳಿಯಬಹುದು. ಮೊದಲನೆಯದನ್ನು ಮಾತ್ರ ಕೋಚ್ ಶುರುವಿನಲ್ಲೇ ಹಿಡಿದು ನಿಲ್ಲಿಸಬೇಕು.

ಸೇರಿಸುವ ಮುಂಚೆ ಟ್ರೋಫಿ ಕಪಾಟು ನೋಡಬೇಡಿ. ಒಂದು ತರಗತಿಯಲ್ಲಿ ಪ್ರತಿ ಮಗುವಿಗೆ ಎಷ್ಟು ನಿಮಿಷ ಮಾತಾಡಲು ಸಿಗುತ್ತದೆ, ಮಾತಾಡಿದ ಮೇಲೆ ಅದರ ಫ್ಲೋ ಹಾಳೆಯನ್ನು ಯಾರಾದರೂ ನೋಡುತ್ತಾರಾ ಅಂತ ಕೇಳಿ. ತೊಂಬತ್ತು ನಿಮಿಷಕ್ಕೆ ಮೂವತ್ತು ಮಕ್ಕಳು, ಒಬ್ಬರೇ ಕೋಚ್ ಅಂದರೆ ಬೇರೆ ಕಡೆ ವಿಚಾರಿಸಿ.